ಬಾಯಿ ಮುಚ್ಚಿದರೂ ಸಂದು: ಗದ್ದೆಯ ಬಾಯ್ಕಳಕ ಕೊಕ್ಕರೆ ತಿನ್ನೋದು ಹೇಗೆ?

ಶೀಳನೆರೆ: ಭತ್ತದ ಗದ್ದೆಗೆ ನೀರು ಕಟ್ಟಿದ ಮೇಲೆ ಕೆಸರಲ್ಲಿ ನಿಧಾನಕ್ಕೆ ಹೆಜ್ಜೆ ಹಾಕುವ ಬೂದು-ಬಿಳಿ ಕೊಕ್ಕರೆಯನ್ನು ಈ ಭಾಗದ ರೈತರು ನೋಡಿರ್ತಾರೆ. ಬಾಯಿ ಮುಚ್ಚಿದರೂ ಕೊಕ್ಕಿನ ನಡುವೆ ಸಂದು ಕಾಣುತ್ತೆ. ಅದಕ್ಕೇ ಇದು ‘ಬಾಯ್ಕಳಕ’.

ಈ ಸಂದು ಹುಟ್ಟಿನಿಂದ ಬಂದದ್ದಲ್ಲ. ಮರಿಗಳ ಕೊಕ್ಕು ನೆಟ್ಟಗಿರುತ್ತೆ, ಬೆಳೀತಾ ಬೆಳೀತಾ ಸಂದು ಬಿಡುತ್ತೆ. ಅಡಕತ್ತರಿಯಲ್ಲಿ ಅಡಿಕೆ ಒಡೆದಂತೆ ಬಸವನಹುಳುವಿನ ಚಿಪ್ಪು ಒಡೆಯೋಕೆ ಈ ಸಂದು ಅಂತ ಹಿಂದೆ ಕೆಲವರು ನಂಬಿದ್ದರು. ಆದರೆ ಅಮೆರಿಕದ ಪಕ್ಷಿತಜ್ಞ ಫಿಲಿಪ್ ಕಾಲ್ ಈ ಹಕ್ಕಿಗಳು ಮೇಯುವುದನ್ನು ಗಮನಿಸಿ 1971ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳಿತು. ಹಕ್ಕಿ ಮೇಲ್ಕೊಕ್ಕಿನಿಂದ ಹುಳುವನ್ನು ನೆಲಕ್ಕೆ ಒತ್ತಿ ಹಿಡಿದು, ಕೆಳಕೊಕ್ಕಿನ ಚೂಪು ತುದಿಯನ್ನು ಚಿಪ್ಪಿನೊಳಗೆ ತೂರಿಸಿ, ಮಾಂಸ ಬಿಡಿಸಿ ಎಳೆಯುತ್ತೆ.

ಪಕ್ಷಿತಜ್ಞ ಸಲೀಂ ಅಲಿ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಶ್ರೀರಂಗಪಟ್ಟಣದ ರಂಗನತಿಟ್ಟಿನಲ್ಲಿ ಇವು ಗೂಡು ಕಟ್ಟುತ್ತವೆ. ಗೂಡಿಗೆ ಅಲ್ಲಿ ಜಾಗ ಸಿಕ್ಕರೂ ಹೊಟ್ಟೆ ತುಂಬೋದು ಕೆರೆ, ಗದ್ದೆಗಳಲ್ಲೇ. ಗದ್ದೆಗೆ ಬಿದ್ದ ವಿಷ ಹುಳುವಿನ ಮೂಲಕ ಹಕ್ಕಿಯ ಹೊಟ್ಟೆಗೂ ಸೇರಬಹುದು. ಬಸವನಹುಳುವಿಗೆ ಔಷಧಿ ಹೊಡೆಯೋ ಮುಂಚೆ, ಅದೇ ಕೆಲಸಕ್ಕೆ ಕೂಲಿಯಿಲ್ಲದೆ ಇಳಿದಿರುವ ಈ ಹಕ್ಕಿ ಕಡೆ ಒಮ್ಮೆ ನೋಡಿ.