ಅವ್ವನ ಪದದೊಳಗೆ ಟಿಕ್ ಟಿಕ್

ಡೊಂಬಿವಲಿ ಪೂರ್ವದ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಗಿಟಾರ್ ನುಡಿಸಲು ನನಗೆ ಸಿಗುವುದು ರಾತ್ರಿ ಹತ್ತೂವರೆಯ ನಂತರದ ಹೊತ್ತು. ಐರೋಲಿಯ ಆಫೀಸಿನಿಂದ ಹೊರಟು, ಥಾಣೆಯಲ್ಲಿ ಗಾಡಿ ಬದಲಿಸಿ, ಕಲ್ಯಾಣದ ಕಡೆಯ ಲೋಕಲ್ಲಿನಲ್ಲಿ ನುಗ್ಗಿ ಬಂದು, ಊಟ ಮುಗಿದು, ಮಗಳು ಮಲಗಬೇಕು. ಗೋಡೆಯ ಆ ಬದಿಗೆ ಮರಾಠಿ ಅಜ್ಜಿಯೊಬ್ಬರ ಮಂಚ. ಆ ಹೊತ್ತಿಗೆ ಆಂಪ್ಲಿಫೈಯರ್ ಹಚ್ಚಿದರೆ ಮರುದಿನ ಸೊಸೈಟಿಯ ಸೆಕ್ರೆಟರಿ ಬಾಗಿಲಿಗೆ ಬರುವುದು ಖಾತ್ರಿ. ಹಾಗಾಗಿ ಎಲೆಕ್ಟ್ರಿಕ್ ಗಿಟಾರಿನ ವೈರು ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಡಬ್ಬಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಆಂಪ್ಲಿಫೈಯರಿನ ದನಿಯನ್ನು ಸಾಫ್ಟ್‌ವೇರ್ ಹುಟ್ಟಿಸುತ್ತದೆ. ಕೇಳಲು ಹೆಡ್‌ಫೋನ್. ಕೋಣೆಯಲ್ಲಿ ತಂತಿಯ ಸಣ್ಣ ಟಿಂಗ್ ಟಿಂಗ್ ಬಿಟ್ಟರೆ ಬೇರೇನೂ ಕೇಳದು.

ಯಾವ ಹೆಡ್‌ಫೋನ್ ಎಂಬ ಪ್ರಶ್ನೆಗೆ ನಾನು ಎರಡು ಸಲ ತಪ್ಪು ಉತ್ತರ ಕೊಟ್ಟೆ. ಮೊದಲನೆಯದು ಒಂದು ವಾರದಲ್ಲಿ ಸರಿಹೋಯಿತು. ಎರಡನೆಯದು ಸರಿಹೋಗಲಿಲ್ಲ.

ಮೊದಲು ತಲೆಗೇರಿಸಿದ್ದು ಲೋಕಲ್ ಪ್ರಯಾಣಕ್ಕೆಂದು ಕೊಂಡಿದ್ದ ಬ್ಲೂಟೂತ್ ಹೆಡ್‌ಫೋನನ್ನೇ. ತಂತಿ ಮೀಟಿದರೆ ಸ್ವರ ಒಂದು ಗಳಿಗೆ ತಡವಾಗಿ ಕಿವಿಗೆ ಬರುತ್ತಿತ್ತು. ಬೆರಳಿಗೆ ಜಂಗು ಹಿಡಿದಿದೆ ಎಂದು ವಾರವಿಡೀ ನನ್ನನ್ನೇ ಬೈದುಕೊಂಡೆ. ಎಂಟೆಕ್ ಓದಿದವನಿಗೆ ಕಾರಣ ಹೊಳೆಯಲು ಏಳು ದಿನ ಬೇಕಾಯಿತು ಎಂಬುದನ್ನು ಹೆಂಡತಿ ಇನ್ನೂ ಮರೆತಿಲ್ಲ. ಲೆಕ್ಕ ಸರಳ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ ಮಿಲಿಸೆಕೆಂಡಿಗೆ 34 ಸೆಂಟಿಮೀಟರ್. ಸಾಮಾನ್ಯ ಬ್ಲೂಟೂತ್‌ನಲ್ಲಿ ಶಬ್ದವನ್ನು ಕುಗ್ಗಿಸಿ, ಕಳಿಸಿ, ಮತ್ತೆ ಬಿಡಿಸುವುದರಲ್ಲಿ 150-200 ಮಿಲಿಸೆಕೆಂಡು ಕಳೆದುಹೋಗುತ್ತದೆ. 200 ಎಂದರೆ 68 ಮೀಟರ್. ನಾನು ಲೋಕಲ್ಲಿನ ಒಂದು ಡಬ್ಬಿಯಲ್ಲಿ ಕೂತು ನುಡಿಸುತ್ತಿದ್ದರೆ ಸ್ಪೀಕರು ಮೂರು ಡಬ್ಬಿ ಆಚೆ ಇದ್ದ ಹಾಗೆ! ಅದೇ ವೈರಿನ ಹೆಡ್‌ಫೋನನ್ನು ಇಂಟರ್‌ಫೇಸಿಗೇ ಚುಚ್ಚಿ, 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್‌ಗಳ ಬಫರ್ ಇಟ್ಟರೆ ಆ ಬಫರಿನ ಪಾಲು 2.7 ಮಿಲಿಸೆಕೆಂಡು. ಹೋಗಿಬರುವುದೆಲ್ಲ ಸೇರಿ ಹತ್ತರ ಆಸುಪಾಸು. ಮೂರು ಮೀಟರ್ ದೂರದ ಸ್ಪೀಕರಿಗೆ ಬೆರಳು ಹೊಂದಿಕೊಳ್ಳುತ್ತದೆ. ಅಲ್ಲಿಂದಾಚೆ ಬ್ಲೂಟೂತ್ ಹೆಡ್‌ಫೋನ್ ಲೋಕಲ್ಲಿಗೇ ಮೀಸಲು.

ಎರಡನೆಯ ತಪ್ಪಿಗೆ ಮುನ್ನುಡಿ ಬರೆದವನು ಖಾರ್ಘರ್‌ನ ಗೆಳೆಯ. ಅವನಿಗೆ ಸಂಗೀತ ಕೇಳುವ ಹುಚ್ಚು. ತನ್ನ ಹಳೆಯ ಸೆನ್‌ಹೈಸರ್ ಎಚ್‌ಡಿ 600 ಅನ್ನು ನನಗೆ ಅರ್ಧ ಬೆಲೆಗೆ ಕೊಟ್ಟ. ಇದು 1997ರಿಂದ ಮಾರುಕಟ್ಟೆಯಲ್ಲಿರುವ, ಬೆನ್ನು ತೆರೆದ ಮಾದರಿ. ಕಿವಿಯ ಹಿಂದಿನ ಬಟ್ಟಲು ಮುಚ್ಚಿರುವುದಿಲ್ಲ, ಜಾಳಿಗೆ ಇರುತ್ತದೆ. ಶಬ್ದ ತಲೆಯೊಳಗೆ ಬಡಿಯದೆ ಕೋಣೆಯಲ್ಲಿ ಹರಡಿದಂತೆ ಕೇಳುತ್ತದೆ, ಕಿವಿಗೆ ಸೆಕೆಯೂ ಆಗುವುದಿಲ್ಲ. ಇಂಪೀಡೆನ್ಸ್ 300 ಓಮ್ ಆದ್ದರಿಂದ ನನ್ನ ಇಂಟರ್‌ಫೇಸಿನ ಗುಂಡಿಯನ್ನು ಹೆಚ್ಚೂ ಕಡಿಮೆ ಕೊನೆಯವರೆಗೆ ತಿರುಗಿಸಬೇಕಿತ್ತು, ಅದೊಂದೇ ತೊಡಕು. ರಿಯಾಜಿಗೆ ಇದಕ್ಕಿಂತ ಹಿತವಾದದ್ದನ್ನು ನಾನು ಹಾಕಿಕೊಂಡಿಲ್ಲ ಎಂದು ಈಗಲೂ ಹೇಳುತ್ತೇನೆ.

ಆ ದೀಪಾವಳಿಗೆ ಹಾವೇರಿಯಿಂದ ಅವ್ವ, ದೊಡ್ಡವ್ವ ಇಬ್ಬರೂ ಬಂದಿದ್ದರು. ಒಂದು ಮಧ್ಯಾಹ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಬೀಸುಕಲ್ಲಿನ ಪದ ಶುರುಮಾಡಿದರು. ದೊಡ್ಡವ್ವ ಸೊಲ್ಲೆತ್ತುವುದು, ಅವ್ವ ದನಿಗೂಡಿಸುವುದು. ನಾನು ಸುಮ್ಮನೆ ಮೈಕು ಇಟ್ಟಿದ್ದರೆ ಸಾಕಿತ್ತು. ನನ್ನೊಳಗಿನ ರೆಕಾರ್ಡಿಂಗ್ ಎಂಜಿನಿಯರ್ ಬಿಡಬೇಕಲ್ಲ. ಮೊದಲು ಮೆಟ್ರೊನೋಮ್ ಹಾಕಿ ಗಿಟಾರ್ ನುಡಿಸಿ ಮುದ್ರಿಸಿದೆ. ಆಮೇಲೆ ಅದನ್ನು ಕೇಳುತ್ತ ಹಾಡಲಿ ಎಂದು ದೊಡ್ಡವ್ವನ ತಲೆಗೆ ಹೆಡ್‌ಫೋನ್ ಏರಿಸಿದೆ. ಅವರಿಗೆ ಕಿವಿ ಸ್ವಲ್ಪ ಮಂದ, ದನಿ ಜೋರಾಗಿಯೇ ಇಟ್ಟೆ. ಮೈಕು ಬಾಯಿಂದ ಒಂದು ಗೇಣು ದೂರ.

ಅವರು ಊರಿಗೆ ಹೋದ ಮೇಲೆ ಕೂತು ಕೇಳಿದೆ. ಪದದ ಒಂದೊಂದು ನುಡಿಯ ಹಿಂದೆಯೂ ಟಿಕ್, ಟಿಕ್, ಟಿಕ್. ತೆರೆದ ಬೆನ್ನಿನಿಂದ ಹೊರಬಿದ್ದ ಮೆಟ್ರೊನೋಮನ್ನು ಮೈಕು ತಪ್ಪದೆ ಹಿಡಿದಿತ್ತು. ಆ ಟಿಕ್ ಇರುವ ಎತ್ತರದ ಕಂಪನಗಳಲ್ಲೇ ಸ, ಶ, ಚ ಮುಂತಾದ ಅಕ್ಷರಗಳ ಚೂಪೂ ಇರುವುದರಿಂದ ಒಂದನ್ನು ಕತ್ತರಿಸಿದರೆ ಇನ್ನೊಂದು ಸಾಯುತ್ತದೆ. ಮೂರು ರಾತ್ರಿ ಕೂತೆ, ಆಗಲಿಲ್ಲ. ಮುಂದಿನ ಸಲ ಬಂದಾಗ ಮತ್ತೆ ಹಾಡಿಸಿದರಾಯಿತು ಅಂದುಕೊಂಡೆ. ಮುಂದಿನ ಮಳೆಗಾಲದಲ್ಲಿ ದೊಡ್ಡವ್ವ ತೀರಿಕೊಂಡರು.

ಮೈಕು ತೆರೆದಿದ್ದರೆ ಹೆಡ್‌ಫೋನ್ ಮುಚ್ಚಿರಬೇಕು. ಸ್ಟುಡಿಯೊದವರಿಗೆ ಇದು ಅ ಆ ಇ ಈ ಇದ್ದ ಹಾಗೆ. ಅದಕ್ಕೇ ಸೋನಿಯ ಎಂಡಿಆರ್-7506 1991ರಲ್ಲಿ ಬಂದದ್ದು ಇವತ್ತಿಗೂ ಸ್ಟುಡಿಯೊಗಳಲ್ಲಿ ಕಾಣುತ್ತದೆ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ, ಆಡಿಯೊ-ಟೆಕ್ನಿಕಾ ಎಂ40ಎಕ್ಸ್ ಕೂಡ ಇದೇ ಜಾತಿ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆ ಪೂರ್ತಿ ಸುತ್ತಿ, ಧೋಬಿ ತಲಾವ್‌ನ ವಾದ್ಯದಂಗಡಿಗಳಿಗೂ ಹೋಗಿ ಇವನ್ನು ಕಿವಿಗಿಟ್ಟು ನೋಡಿದೆ. ನೀವೂ ಹೋಗುವುದಾದರೆ ನೀವೇ ನುಡಿಸಿದ ಒಂದು ತುಣುಕನ್ನು ಫೋನಿನಲ್ಲಿ ಒಯ್ಯಿರಿ. ಅಂಗಡಿಯವರು ಕೇಳಿಸುವ ಹಾಡು ಎಲ್ಲದರಲ್ಲೂ ಚೆನ್ನಾಗಿಯೇ ಕೇಳುತ್ತದೆ. ನಿಮ್ಮ ಗಿಟಾರಿನ ಕೆಳಗಿನ ಇ ತಂತಿ, ಅಂದರೆ 82 ಹರ್ಟ್ಸ್, ಎಲ್ಲಿ ಊದಿಕೊಳ್ಳುತ್ತದೆ, ಎಲ್ಲಿ ಸೊರಗುತ್ತದೆ ಎಂಬುದು ನಿಮ್ಮ ತುಣುಕಿನಲ್ಲೇ ತಿಳಿಯುವುದು. ಪಾರ್ಟಿ ಹಾಡಿಗೆಂದು ಮಾಡಿದ ಹೆಡ್‌ಫೋನುಗಳು ಬೇಸನ್ನು ಉಬ್ಬಿಸುತ್ತವೆ. ಅವನ್ನು ನಂಬಿ ಮಿಕ್ಸಿಂಗ್ ಮಾಡಿದರೆ ನೀವು ಬೇಸ್ ಇಳಿಸುತ್ತೀರಿ, ಅದೇ ಹಾಡು ಬೇರೆಯವರ ಕಾರಿನಲ್ಲಿ ತಗಡು ಬಡಿದಂತೆ ಕೇಳುತ್ತದೆ.

ಡಿಟಿ 770 ಪ್ರೊ 32, 80, 250 ಓಮ್ ಹೀಗೆ ಬೇರೆ ಬೇರೆ ರೂಪದಲ್ಲಿ ಸಿಗುತ್ತದೆ. ಮನೆಯ ಇಂಟರ್‌ಫೇಸಿಗೆ 80 ಸಾಕು, 250 ತಂದು ದನಿ ಸಾಲದೆಂದು ಕೊರಗಬೇಡಿ. ಅದರ ಮಖಮಲ್ಲಿನ ಮೆತ್ತೆ ನಮ್ಮ ಕಡೆಗೆ ಹೇಳಿ ಮಾಡಿಸಿದ್ದು. ಥಾಣೆ-ಕಲ್ಯಾಣದ ತೇವಕ್ಕೆ ರೆಕ್ಸಿನ್ ಮೆತ್ತೆಗಳು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕರಿ ಹೊಟ್ಟು ಉದುರಿಸಿ ಕಿವಿಗೆಲ್ಲ ಅಂಟುತ್ತವೆ. ಆದರೂ ನಾನು ಕೊಂಡದ್ದು ಎಂ40ಎಕ್ಸ್. ಬೆಲೆ ಕೈಗೆಟುಕಿತು, 35 ಓಮ್ ಇದ್ದುದರಿಂದ ಫೋನಿಗೂ ಆಗುತ್ತದೆ, ವೈರು ಬಿಚ್ಚಿ ಬೇರೆ ಹಾಕಬಹುದು. ಮಗಳಿರುವ ಮನೆಯಲ್ಲಿ ಈ ಕೊನೆಯ ಗುಣಕ್ಕೆ ಬೆಲೆ ಕಟ್ಟಲಾಗದು. ಮೆತ್ತೆ ಹೋದರೆ ಹೊಸದು ಹಾಕಿದರಾಯಿತು.

ಇನ್ನೊಂದು ಮಾತು, ಲೋಕಲ್ಲಿನವರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಶಬ್ದವನ್ನು ಕಿವಿ ವಾರಕ್ಕೆ 40 ಗಂಟೆ ತಾಳಬಲ್ಲದು. 90 ಆದರೆ ನಾಲ್ಕೇ ಗಂಟೆ. ಬಾಗಿಲ ಬಳಿ ನಿಂತು ಬರುವ ನಮ್ಮ ಪ್ರಯಾಣವೇ ಆ ಕೋಟಾದಲ್ಲಿ ಒಂದಷ್ಟನ್ನು ತಿಂದಿರುತ್ತದೆ. ಮನೆಗೆ ಬಂದ ತಕ್ಷಣ ಹೆಡ್‌ಫೋನ್ ಏರಿಸಿದರೆ ಮಂಕಾದ ಕಿವಿ ಇನ್ನೂ ಜೋರು ಕೇಳುತ್ತದೆ. ನಾನು ಊಟವಾಗಿ ಒಂದು ತಾಸು ಬಿಟ್ಟೇ ಕೂರುತ್ತೇನೆ.

ಹೋದ ದೀಪಾವಳಿಗೆ ಅವ್ವ ಒಬ್ಬಳೇ ಬಂದಳು. ಹೊಸ ಹೆಡ್‌ಫೋನ್ ತಲೆಗೇರಿಸಿ ಎರಡು ನಿಮಿಷವೂ ಆಗಲಿಲ್ಲ.

“ತಗೀಯೋ ತಮ್ಮಾ ಇದನ್ನ, ಬೆಂಡೋಲಿ ಕಿವ್ಯಾಗ ನಟ್ಟತಾವು.”

ಮುಚ್ಚಿದ ಹೆಡ್‌ಫೋನ್ ಬಿಗಿಯಾಗಿ ಒತ್ತಿದರೇ ಶಬ್ದ ಹೊರಬೀಳದಿರುವುದು. ಓಲೆ ಹಾಕಿಕೊಂಡವರ ಪಾಡು ಇದನ್ನು ಮಾಡಿದವರ ತಲೆಗೆ ಬಂದಿರಲಾರದು. ಬೆಂಡೋಲೆ ಬಿಚ್ಚಿಡು ಅನ್ನುವ ಧೈರ್ಯ ನನಗಿರಲಿಲ್ಲ.

“ಅಲ್ಲೋ, ಆ ಟಿಕ್ ಟಿಕ್ ಯಾಕ ಬೇಕು? ಕಲ್ಲು ತಿರುಗಿದಂಗ ಪದ ನಡೀತೈತಿ.”

ಹೆಡ್‌ಫೋನ್ ತೆಗೆದಿಟ್ಟೆ. ಫ್ಯಾನು ಆರಿಸಿ, ಕಿಟಕಿ ಮುಚ್ಚಿದೆವು. ಅವ್ವ ನೆಲದ ಮೇಲೆ ಕೂತು ಬರಿಗೈಯನ್ನೇ ಬೀಸುಕಲ್ಲಿನಂತೆ ತಿರುಗಿಸುತ್ತ ಹಾಡಿದಳು. ವೇಗ ಅಲ್ಲಲ್ಲಿ ಏರುತ್ತದೆ, ಇಳಿಯುತ್ತದೆ, ಕೈ ಬದಲಿಸುವ ಕಡೆ ಒಂದಿಷ್ಟು ನಿಲ್ಲುತ್ತದೆ. ಅವಳು ಮಲಗಿದ ಮೇಲೆ ಎಂ40ಎಕ್ಸ್ ಹಾಕಿಕೊಂಡು, ಅವಳ ದನಿಯ ಹಿಂದೆ ಹಿಂದೆ ಗಿಟಾರ್ ನುಡಿಸಿ ಸೇರಿಸಿದೆ. ಮೂರು ರಾತ್ರಿ ಹಿಡಿಯಿತು.

ನಡುವೆ ನಾಲ್ಕು ನುಡಿ ಇಲ್ಲ. ಅವು ದೊಡ್ಡವ್ವನಿಗಷ್ಟೇ ಬಾಯಿಪಾಠವಿದ್ದವು, ಅವ್ವನಿಗೆ ನೆನಪಾಗಲಿಲ್ಲ. ಹಳೆಯ ಫೈಲಿನಲ್ಲಿ ಇವೆ, ಟಿಕ್ ಟಿಕ್ ಸಮೇತ. ಅದನ್ನು ಕೇಳಿಸಿದೆ. ಅವ್ವ ಫೋನನ್ನು ಕಿವಿಗೆ ಒತ್ತಿಕೊಂಡು ಎರಡು ಸಲ ಕೇಳಿದಳು. ಆಮೇಲೆ ಮಗಳ ಹಳೆಯ ನೋಟ್‌ಬುಕ್ ತರಿಸಿ, ಒಂದೊಂದೇ ಸಾಲು ಹೇಳುತ್ತ ನನ್ನಿಂದ ಬರೆಸಿದಳು.