ನೆಲದ ಮೇಲಿರುವ ಮೋಡ

ಮಕ್ಕಳೇ, ರಾಯಚೂರು ಜಿಲ್ಲೆಯ ಕುರ್ಡಿ ನಿಮ್ಮ ಊರು, ನಿಮ್ಮ ಅಕ್ಕ ರಾಯಚೂರಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಳೆ ಎಂದುಕೊಳ್ಳಿ. ಇವತ್ತು ಅವಳ ಪರೀಕ್ಷೆಯ ಫಲಿತಾಂಶ. ಮನೆಯವರೆಲ್ಲ ಅಪ್ಪನ ಮೊಬೈಲಿನ ಸುತ್ತ ಕುಳಿತಿದ್ದಾರೆ. ಅಕ್ಕ ನೋಂದಣಿ ಸಂಖ್ಯೆ ಒತ್ತುತ್ತಾಳೆ. ಪರದೆಯ ಮೇಲೆ ಚಕ್ರವೊಂದು ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. "ನೆಟ್‌ವರ್ಕ್ ಇಲ್ಲೇನ್ ನೋಡವ್ವಾ" ಎನ್ನುತ್ತಾರೆ ಅಪ್ಪ. ಆದರೆ ಅದೇ ಮೊಬೈಲಿನಲ್ಲಿ ಸಿನಿಮಾ ಹಾಡು ಚೆನ್ನಾಗಿ ಓಡುತ್ತದೆ! ಹಾಗಾದರೆ ತೊಂದರೆ ಎಲ್ಲಿದೆ?

ಜಾಲತಾಣ ಎಂಬುದು ಗಾಳಿಯಲ್ಲಿ ತೇಲುತ್ತಿರುವುದಿಲ್ಲ. ಎಲ್ಲೋ ಒಂದು ಕೋಣೆಯಲ್ಲಿರುವ ಕಂಪ್ಯೂಟರಿನಲ್ಲಿ ಅದನ್ನು ಇಟ್ಟಿರುತ್ತಾರೆ. ಕೇಳಿದವರಿಗೆ ಕೇಳಿದ ಪುಟವನ್ನು ಕಳುಹಿಸುವುದೇ ಆ ಕಂಪ್ಯೂಟರಿನ ಕೆಲಸ. ಅದಕ್ಕೆ ಸರ್ವರ್ ಎಂದು ಹೆಸರು. ಒಂದು ಸರ್ವರ್ ಒಂದು ಸೆಕೆಂಡಿಗೆ 50 ಜನರಿಗೆ ಉತ್ತರ ಕೊಡಬಲ್ಲದು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ದಿನವೂ ಅಲ್ಲೊಬ್ಬರು ಇಲ್ಲೊಬ್ಬರು ಬಂದರೆ ಅದು ಸುಮ್ಮನೆ ಕುಳಿತಿರುತ್ತದೆ. ಆದರೆ ಫಲಿತಾಂಶದ ದಿನ 10,000 ವಿದ್ಯಾರ್ಥಿಗಳು ಒಂದೇ ಗಳಿಗೆಯಲ್ಲಿ ಕೇಳಿದರೆ? ಎಲ್ಲರಿಗೂ ಉತ್ತರ ಕೊಡಲು 200 ಸೆಕೆಂಡು, ಅಂದರೆ ಮೂರು ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟು ತಾಳ್ಮೆ ಯಾರಿಗಿದೆ? ಪ್ರತಿಯೊಬ್ಬರೂ ಮತ್ತೆ ಒತ್ತುತ್ತಾರೆ, ಇನ್ನೊಮ್ಮೆ ಒತ್ತುತ್ತಾರೆ. ಪ್ರತಿ ಒತ್ತುವಿಕೆಯೂ ಹೊಸ ಪ್ರಶ್ನೆಯೇ. ಸಾಲು ಬೆಳೆಯುತ್ತಾ ಹೋಗಿ ಕೊನೆಗೆ ಸರ್ವರ್ ಯಾರಿಗೂ ಉತ್ತರಿಸದೆ ನಿಂತುಬಿಡುತ್ತದೆ.

ಇದನ್ನು ತರಗತಿಯಲ್ಲಿ ಮಾಡಿ ನೋಡಿ. ಎಲ್ಲರಿಗೂ ಒಂದೊಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಗಳ ಮುಂದೆ ಏನಾದರೂ ಅಂಕ ಬರೆದ ಪುಸ್ತಕವನ್ನು ಒಬ್ಬರ ಕೈಗೆ ಕೊಡಿ. ಉಳಿದವರೆಲ್ಲ ಒಟ್ಟಿಗೆ ಹೋಗಿ ತಮ್ಮ ಅಂಕ ಕೇಳಲಿ. ಎಷ್ಟು ಹೊತ್ತು ಹಿಡಿಯಿತು, ಗಡಿಯಾರ ನೋಡಿ ಬರೆದುಕೊಳ್ಳಿ. ಆಮೇಲೆ ಅದೇ ಪುಸ್ತಕದ ಮೂರು ಪ್ರತಿ ಮಾಡಿ ಮೂವರ ಕೈಗೆ ಕೊಡಿ. ಬಾಗಿಲಲ್ಲಿ ಒಬ್ಬರು ನಿಂತು "ನೀನು ಅಲ್ಲಿಗೆ ಹೋಗು, ನೀನು ಇಲ್ಲಿಗೆ ಬಾ" ಎಂದು ಗುಂಪನ್ನು ಹಂಚಲಿ. ಈಗ ಎಷ್ಟು ಹೊತ್ತಾಯಿತು?

ಹಾಗಾದರೆ ವಿಶ್ವವಿದ್ಯಾಲಯಗಳು ಇಪ್ಪತ್ತು ಸರ್ವರ್ ಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ರಾಯಚೂರು ಜಿಲ್ಲೆಯ ಕಾಲೇಜುಗಳು ಮೊದಲು ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2021ರಲ್ಲಿ ರಾಯಚೂರಿಗೇ ಒಂದು ವಿಶ್ವವಿದ್ಯಾಲಯ ಬಂತು. ಈಗ ಅದು ಮಹರ್ಷಿ ವಾಲ್ಮೀಕಿಯ ಹೆಸರು ಹೊತ್ತಿದೆ. ಹೊಸ ವಿಶ್ವವಿದ್ಯಾಲಯವೆಂದರೆ ಕಟ್ಟಡ ಬೇಕು, ಪ್ರಯೋಗಾಲಯ ಬೇಕು, ಪುಸ್ತಕ ಬೇಕು. ವರ್ಷದಲ್ಲಿ ನಾಲ್ಕಾರು ದಿನದ ನೂಕುನುಗ್ಗಲಿಗಾಗಿ ಇಪ್ಪತ್ತು ಸರ್ವರ್ ಕೊಂಡು ಉಳಿದ ದಿನ ಖಾಲಿ ಇಡುವುದು ಜಾಣತನವೇ?

ಇದಕ್ಕೆ ಉತ್ತರ ನಿಮ್ಮ ಹೊಲಗಳಲ್ಲೇ ಇದೆ. ಮಾನ್ವಿ, ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತಾರೆ. ಕೊಯ್ಲಿಗೆ ದೊಡ್ಡ ಕಟಾವು ಮಷಿನ್ನು ಬರುತ್ತದೆ. ಪ್ರತಿ ರೈತನೂ ಅದನ್ನು ಕೊಳ್ಳುತ್ತಾನೆಯೇ? ಇಲ್ಲ. ಗಂಟೆಗೆ ಇಷ್ಟು ಎಂದು ಬಾಡಿಗೆ ಕೊಟ್ಟು ಕೆಲಸ ಮುಗಿಸುತ್ತಾನೆ. ಮಷಿನ್ನು ಮುಂದಿನ ಹೊಲಕ್ಕೆ ಹೋಗುತ್ತದೆ. ಕಂಪ್ಯೂಟರನ್ನು ಹೀಗೆ ಬಾಡಿಗೆಗೆ ಪಡೆಯುವುದಕ್ಕೇ 'ಕ್ಲೌಡ್' ಎನ್ನುತ್ತಾರೆ. ಕ್ಲೌಡ್ ಎಂದರೆ ಮೋಡ. ಹಿಂದೆ ಎಂಜಿನಿಯರುಗಳು ನಕ್ಷೆ ಬರೆಯುವಾಗ, ದೂರದಲ್ಲಿರುವ ಜಾಲವನ್ನು ವಿವರವಾಗಿ ಬರೆಯದೆ ಒಂದು ಮೋಡದ ಚಿತ್ರ ಹಾಕಿ ಬಿಡುತ್ತಿದ್ದರು. ಅದರಿಂದ ಬಂದ ಹೆಸರಿದು. ನನ್ನನ್ನು ಕೇಳಿದರೆ ಬಾಡಿಗೆ ಮಷಿನ್ನು ಎಂಬ ಹೆಸರೇ ಹೆಚ್ಚು ಸರಿ!

ಅಮೆಜಾನ್ ಕಂಪನಿ 2006ರಲ್ಲಿ ಇಂಥ ಬಾಡಿಗೆ ಸೇವೆಯನ್ನು ದೊಡ್ಡದಾಗಿ ಆರಂಭಿಸಿತು. ನಮ್ಮ ಕೇಂದ್ರ ಸರ್ಕಾರ 2014ರಲ್ಲಿ ಸರ್ಕಾರಿ ಕೆಲಸಗಳಿಗಾಗಿ ತನ್ನದೇ ಮೋಡ ಕಟ್ಟಿತು. ಅದರ ಹೆಸರು ಮೇಘರಾಜ್. ಇಂಥ ಕಡೆಗಳಲ್ಲಿ ಸಾವಿರಾರು ಕಂಪ್ಯೂಟರುಗಳನ್ನು ಕಪಾಟುಗಳಲ್ಲಿ ಜೋಡಿಸಿಟ್ಟಿರುತ್ತಾರೆ. ಒಂದೊಂದನ್ನೂ ತಂತ್ರಾಂಶದ ಸಹಾಯದಿಂದ ಹಲವು ಪಾಲು ಮಾಡಿ, ಪ್ರತಿ ಪಾಲನ್ನೂ ಪ್ರತ್ಯೇಕ ಕಂಪ್ಯೂಟರಿನಂತೆ ಬಾಡಿಗೆಗೆ ಕೊಡುತ್ತಾರೆ. ಫಲಿತಾಂಶದ ಬೆಳಿಗ್ಗೆ ಇಪ್ಪತ್ತು ಪಾಲು ಪಡೆದರೆ, ನಮ್ಮ ಲೆಕ್ಕದ 10,000 ಜನರಿಗೆ 10 ಸೆಕೆಂಡಿನಲ್ಲಿ ಉತ್ತರ ಸಿಗುತ್ತದೆ. ಬಾಗಿಲಲ್ಲಿ ನಿಂತು ಗುಂಪು ಹಂಚಿದ ನಿಮ್ಮ ಗೆಳೆಯನ ಕೆಲಸ ಮಾಡಲು ಅಲ್ಲಿಯೂ ಒಂದು ಯಂತ್ರ ಇರುತ್ತದೆ. ಮರುದಿನ ಹತ್ತೊಂಬತ್ತು ಪಾಲನ್ನು ಮರಳಿಸಬಹುದು. ಮರಳಿಸಲು ಮರೆತರೆ ಮಾತ್ರ ಬಾಡಿಗೆ ಏರುತ್ತಲೇ ಇರುತ್ತದೆ!

ಇಲ್ಲೊಂದು ತೊಡಕಿದೆ. ಫಲಿತಾಂಶವನ್ನು ಬರೀ ಓದುವುದಾದರೆ ಎಷ್ಟು ಪ್ರತಿ ಬೇಕಾದರೂ ಮಾಡಬಹುದು. ಆದರೆ ಕಾಲೇಜಿಗೆ ಸೇರಲು ಅರ್ಜಿ ತುಂಬುವಾಗ? ಉಳಿದಿರುವುದು ಒಂದೇ ಸೀಟು, ಕೇಳುವವರು ಇಬ್ಬರು. ಇಬ್ಬರೂ ಬೇರೆ ಬೇರೆ ಸರ್ವರಿನಲ್ಲಿ "ಸೀಟು ಸಿಕ್ಕಿತು" ಎಂದು ಬರೆಸಿಕೊಂಡರೆ ಅನ್ಯಾಯವಾಗುತ್ತದೆ. ಅದಕ್ಕೆ ಬರೆಯುವ ಲೆಕ್ಕದ ಪುಸ್ತಕ ಒಂದೇ ಇರಬೇಕು, ಇಲ್ಲವೆ ಎಲ್ಲ ಪ್ರತಿಗಳೂ ಪರಸ್ಪರ ಕೇಳಿಕೊಂಡೇ ಬರೆಯಬೇಕು. ಬಾಗಿಲುಗಳು ಇಪ್ಪತ್ತಿದ್ದರೂ ಒಳಗೆ ಬರೆಯುವವನು ಒಬ್ಬನೇ ಆದರೆ ಸಾಲು ಅಲ್ಲಿ ನಿಲ್ಲುತ್ತದೆ. ಕೊನೆಯ ದಿನ ಅರ್ಜಿ ಹಾಕಲು ಕುಳಿತವರು ಒದ್ದಾಡುವುದಕ್ಕೆ ಇದೂ ಒಂದು ಕಾರಣ. ಕರ್ನಾಟಕದಲ್ಲಿ 2021ರಿಂದ ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ, ಫಲಿತಾಂಶಗಳನ್ನು ಯು.ಯು.ಸಿ.ಎಂ.ಎಸ್. ಎಂಬ ಒಂದೇ ತಂತ್ರಾಂಶಕ್ಕೆ ತರಲಾಗಿದೆ. ಪ್ರತಿಯೊಬ್ಬರೂ ಬೇರೆ ಬೇರೆ ಕಟ್ಟಿಕೊಳ್ಳುವ ಖರ್ಚು ಇದರಿಂದ ತಪ್ಪುತ್ತದೆ. ಆದರೆ ಒಂದೇ ಬಾಗಿಲಿಗೆ ಬರುವವರ ಸಂಖ್ಯೆ ಎಷ್ಟು ದೊಡ್ಡದಾಯಿತು, ನೀವೇ ಯೋಚಿಸಿ.

ಮೋಡ ಎಷ್ಟು ದೂರ ಇರುತ್ತದೆ? ಅಮೆಜಾನ್ 2022ರಲ್ಲಿ ಹೈದರಾಬಾದಿನಲ್ಲಿ ಒಂದು ಕೇಂದ್ರ ತೆರೆದಿದೆ. ರಾಯಚೂರಿನಿಂದ ಅದು ಸುಮಾರು 200 ಕಿ.ಮೀ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಅಂದರೆ ಅಲ್ಲಿಗೆ ತಲುಪಲು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕು. ದೂರ ಅಷ್ಟೇನೂ ತೊಂದರೆಯಲ್ಲ. ತೊಂದರೆ ಇರುವುದು ಕಾವಿನಲ್ಲಿ. ಅಷ್ಟೊಂದು ಕಂಪ್ಯೂಟರುಗಳು ಹಗಲಿರುಳು ನಡೆದರೆ ಕೋಣೆ ಕುದಿಯುತ್ತದೆ. ತಂಪು ಮಾಡಲು ಮತ್ತಷ್ಟು ವಿದ್ಯುತ್ತು ಬೇಕು, ಹಲವೆಡೆ ನೀರೂ ಬೇಕು. 2024ರಲ್ಲಿ ಜಗತ್ತು ಬಳಸಿದ ವಿದ್ಯುತ್ತಿನಲ್ಲಿ ಸುಮಾರು ಶೇಕಡ 1.5ರಷ್ಟು ಇಂಥ ಕೇಂದ್ರಗಳಿಗೇ ಹೋಯಿತು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಕೃಷ್ಣಾ ನದಿಯ ದಡದಲ್ಲೇ ಏಕಿದೆ ಎಂದು ನಿಮ್ಮ ಗುರುಗಳನ್ನು ಕೇಳಿ. ಅಲ್ಲಿಯೂ ಕಾವಿನದೇ ಕಥೆ.

ಅಕ್ಕನ ಮೊಬೈಲಿಗೆ ಮರಳೋಣ. ಮೋಡ ಎಷ್ಟೇ ದೊಡ್ಡದಿದ್ದರೂ ಊರಿನ ಟವರಿಗೆ ಕರೆಂಟು ಹೋದರೆ, ರಸ್ತೆ ಅಗೆಯುವಾಗ ನೆಲದೊಳಗಿನ ಕೇಬಲ್ ತುಂಡಾದರೆ ಫಲಿತಾಂಶ ಮನೆಗೆ ಬರುವುದಿಲ್ಲ. ಚಕ್ರ ಸುತ್ತುತ್ತಿರುವಾಗ ಇನ್ನೊಂದು ಜಾಲತಾಣ ತೆರೆದು ನೋಡಲು ಅಕ್ಕನಿಗೆ ಹೇಳಿ. ಅದೂ ತೆರೆಯದಿದ್ದರೆ ತೊಂದರೆ ನಿಮ್ಮ ಊರಿನ ಕಡೆಯೇ ಇರಬಹುದು. ಅದು ತೆರೆದರೆ ಸಾಲು ಇರುವುದು ಸರ್ವರಿನ ಮುಂದೆ. ಆಗ ಮತ್ತೆ ಮತ್ತೆ ಒತ್ತುವುದು ಬೇಡ. ಊಟ ಮುಗಿಸಿ ಬಂದು ಒಮ್ಮೆ ಒತ್ತಲಿ.