ಕ್ಷಯರೋಗಿಯ ಮನೋಧೈರ್ಯ

ಕ್ಷಯವು ಗುಣವಾಗತಕ್ಕ ರೋಗವೆಂಬುದನ್ನು ಅರಿಯದವರು ಇಂದಿನ ವಿದ್ಯಾವಂತ ನಾಗರಿಕರಲ್ಲಿ ವಿರಳ. ಆದರೂ ಆ ಹೆಸರು ಒಂದು ಮನೆಯನ್ನು ಹೊಕ್ಕಿತೆಂದರೆ ಕದವಿಕ್ಕಿ ಪಿಸುಮಾತನಾಡುವ ಪದ್ಧತಿಯು ನಮ್ಮ ಪಟ್ಟಣಗಳಿಂದ ಇನ್ನೂ ತೊಲಗಿಲ್ಲ. ರೋಗಿಯ ದೇಹಕ್ಕೆ ಔಷಧವುಂಟು. ಅವನ ಮನಸ್ಸನ್ನು ಕಾಯುವವರಾರು? ಈ ಪ್ರಶ್ನೆಯನ್ನೇ ಇಂದು ನಮ್ಮ ವಾಚಕರ ಮುಂದಿಡಬಯಸುತ್ತೇವೆ.

ಈ ಭೀತಿಗೆ ಒಂದು ಕಾಲದಲ್ಲಿ ಕಾರಣವಿದ್ದಿತು. ೧೮೮೨ರಲ್ಲಿ ರಾಬರ್ಟ್ ಕಾಖ್ ಪಂಡಿತನು ರೋಗಾಣುವನ್ನು ಕಂಡುಹಿಡಿದನಾದರೂ, ಅದನ್ನು ಕೊಲ್ಲುವ ಔಷಧವು ದೊರೆಯಲು ಮತ್ತೆ ಅರುವತ್ತು ವರ್ಷಗಳು ಬೇಕಾದುವು. ಅಲ್ಲಿಯವರೆಗೆ ಶುದ್ಧವಾಯು, ವಿಶ್ರಾಂತಿ, ಪುಷ್ಟಿಕರವಾದ ಆಹಾರ, ಇವೇ ವೈದ್ಯರ ಮುಖ್ಯ ಆಯುಧಗಳು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ನಿಂತಿರುವ ಕ್ಷಯರೋಗ ಚಿಕಿತ್ಸಾಲಯವು, ಈ ವ್ಯಾಧಿಗೆ ಅರಮನೆಯೂ ಒಂದೇ, ಗುಡಿಸಲೂ ಒಂದೇ ಎಂಬುದನ್ನು ನೆನಪಿಸುತ್ತದೆ. ಸ್ಟ್ರೆಪ್ಟೊಮೈಸಿನ್ ೧೯೪೩ರಲ್ಲಿ ದೊರೆತ ಮೇಲೆ ಕಾಲವು ಬದಲಾಯಿತು. ಮದ್ರಾಸಿನಲ್ಲಿ ೧೯೫೬ರಲ್ಲಿ ಆರಂಭವಾದ ಸಂಶೋಧನೆಯು, ಮನೆಯಲ್ಲಿಯೇ ಇದ್ದು ಔಷಧ ಸೇವಿಸಿದವರೂ ಚಿಕಿತ್ಸಾಲಯದಲ್ಲಿದ್ದವರಂತೆಯೇ ಗುಣಹೊಂದುವರೆಂದು ಸಿದ್ಧಪಡಿಸಿತು. ೧೯೫೯ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ನಮ್ಮ ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತು.

ಇಂದು ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು. ಮೊದಲೆರಡು ತಿಂಗಳು ನಾಲ್ಕು ಔಷಧಗಳು, ಮುಂದಿನ ನಾಲ್ಕು ತಿಂಗಳು ಮೂರು. ಮನಸ್ಸಿನ ನಿಜವಾದ ಪರೀಕ್ಷೆಯು ನಡೆಯುವುದು ಇಲ್ಲಿಯೇ. ಮೊದಲ ತಿಂಗಳಿನಲ್ಲಿ ಓಕರಿಕೆ, ಅರುಚಿ, ಆಯಾಸ; ಮೂತ್ರವು ಕಿತ್ತಳೆಯ ಬಣ್ಣಕ್ಕೆ ತಿರುಗಿತೆಂದು ಗಾಬರಿ. ಅದು ರಿಫಾಂಪಿಸಿನ್ ಔಷಧದ ಬಣ್ಣವೆಂದು ಮೊದಲೇ ತಿಳಿಸಿದರೆ ಆ ಗಾಬರಿಯು ಹುಟ್ಟುವುದೇ ಇಲ್ಲ. ಎರಡನೆಯ ತಿಂಗಳಿಗೆ ಕೆಮ್ಮು ಅಡಗುತ್ತದೆ, ಹಸಿವು ಮರಳುತ್ತದೆ; ಇನ್ನು ಮಾತ್ರೆಯೇಕೆಂಬ ಮೋಹವು ತಲೆದೋರುತ್ತದೆ. ನಿರಾಶೆಯು ಎಷ್ಟು ಅಪಾಯಕರವೋ ಅಕಾಲದ ಈ ಉತ್ಸಾಹವೂ ಅಷ್ಟೇ ಅಪಾಯಕರ. ನಡುವೆ ಬಿಟ್ಟ ಚಿಕಿತ್ಸೆಯಿಂದ ಉಳಿದ ರೋಗಾಣುವು ಮದ್ದಿಗೆ ಮಣಿಯದಷ್ಟು ಬಲಿಯಬಹುದು.

ಆದುದರಿಂದ ಮನೋಧೈರ್ಯವೆಂದರೆ ನಗುಮುಖವನ್ನು ಧರಿಸುವುದಲ್ಲ. ಧೈರ್ಯವು ರೋಗಾಣುವನ್ನು ಕೊಲ್ಲುವುದಿಲ್ಲ, ಕೊಲ್ಲುವುದು ಔಷಧ. ಆ ಔಷಧವನ್ನು ಬೇಸರದ ದಿನವೂ ಸುಖದ ದಿನವೂ ತಪ್ಪದೆ ಸೇವಿಸುವಂತೆ ಮಾಡುವುದೇ ಧೈರ್ಯದ ಕೆಲಸ. ಖಿನ್ನತೆಯು ಬಂದರೆ ಅದು ರೋಗಿಯ ದೌರ್ಬಲ್ಯವೂ ಅಲ್ಲ, ಪಾಪಫಲವೂ ಅಲ್ಲ. ಔಷಧಕ್ಕೆ ಬಗ್ಗದ ಕ್ಷಯದಲ್ಲಿ ಕೊಡುವ ಸೈಕ್ಲೊಸೆರಿನ್‌ನಂತಹ ಮದ್ದೇ ಕೆಲವರ ಮನಸ್ಸನ್ನು ಕುಗ್ಗಿಸುವುದುಂಟು. ಅಂತಹುದನ್ನು, ಕಣ್ಣು ಹಳದಿಯಾದುದನ್ನು, ದೃಷ್ಟಿ ಮಂದವಾದುದನ್ನು ಮುಚ್ಚಿಡದೆ ಒಡನೆಯೇ ವೈದ್ಯರಿಗೆ ಹೇಳತಕ್ಕದ್ದು.

ರೋಗಿಯೇ ಉದಾಸೀನನೆಂದು ದೂರುವವರು ನಮ್ಮಲ್ಲಿ ಅನೇಕರಿದ್ದಾರೆ. ತುಮಕೂರು ಜಿಲ್ಲೆಯಲ್ಲಿ ಬೆಂಗಳೂರಿನ ಸಂಸ್ಥೆಯವರು ನಡೆಸಿ ೧೯೬೩ರಲ್ಲಿ ಪ್ರಕಟಿಸಿದ ವಿಚಾರಣೆಯು ಈ ದೂರನ್ನು ಅಲ್ಲಗಳೆಯಿತು. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಲಕ್ಷಣಗಳ ಅರಿವಿದ್ದಿತು. ಸುಮಾರು ಅರ್ಧದಷ್ಟು ಮಂದಿ ಅದಾಗಲೇ ಚಿಕಿತ್ಸೆಯನ್ನರಸಿ ಹೋಗಿದ್ದರು. ಕೊರತೆಯಿದ್ದುದು ಅವರ ಕಾಳಜಿಯಲ್ಲಲ್ಲ, ಅವರಿಗೆ ದೊರೆತ ಉತ್ತರದಲ್ಲಿ. ಅಧಿಕಾರವರ್ಗದ ನಮ್ಮ ವಾಚಕರು ಇದನ್ನು ಮನನಮಾಡಿದರೆ ಲೇಸು.

ಬೆಂಗಳೂರಿನ ದಕ್ಷಿಣಭಾಗದಲ್ಲಿ, ಜೆ.ಪಿ. ನಗರದ ಏಳನೆಯ ಹಂತದ ಪುಟ್ಟೇನಹಳ್ಳಿಯಲ್ಲಿ ಒಂದು ಕೆರೆಯಿದೆ. ಹಾಳುಬಿದ್ದು ಬತ್ತತೊಡಗಿದ್ದ ಆ ಕೆರೆಯನ್ನು ೨೦೧೦ರ ಸುಮಾರಿನಿಂದ ನೆರೆಹೊರೆಯವರೇ ಕೂಡಿ, ನಗರಪಾಲಿಕೆಯ ಜೊತೆಗೂಡಿ ದುಡಿದು ಉಳಿಸಿಕೊಂಡರು. ಒಂದು ಮಳೆಗೆ ಕೆರೆ ತುಂಬುವುದಿಲ್ಲ. ದಿನದಿನದ ಕಾವಲು ಬೇಕು. ಒಂದು ಕೆರೆಗೆ ಇಷ್ಟು ಅಕ್ಕರೆಯನ್ನು ತೋರಬಲ್ಲ ಬಡಾವಣೆಗೆ, ಪಕ್ಕದ ಮನೆಯ ರೋಗಿಗೆ ಆರು ತಿಂಗಳು ಆಸರೆಯಾಗುವುದು ಅಸಾಧ್ಯವೆ? ಅಲ್ಲಿಂದ ದೂರವಲ್ಲದ ಹೊಸೂರು ರಸ್ತೆಯ ಆಸುಪಾಸಿನಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯೂ, ಮನೋರೋಗಗಳಿಗೆ ಹೆಸರಾದ ನಿಮ್ಹಾನ್ಸ್ ಸಂಸ್ಥೆಯೂ ನೆರೆಹೊರೆಯಾಗಿವೆ. ಎದೆಯನ್ನೂ ಮನಸ್ಸನ್ನೂ ಒಟ್ಟಿಗೆ ನೋಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸೂಚನೆ ಬೇಕೆ?

ಮಾಡತಕ್ಕ ಕೆಲಸವು ಕಠಿನವಲ್ಲ. ಕ್ಷಯವು ಗಾಳಿಯಿಂದ ಹರಡುವುದೇ ಹೊರತು ತಟ್ಟೆ ಲೋಟಗಳಿಂದಲ್ಲ. ರೋಗಿಗೆ ಬೇರೆ ತಟ್ಟೆಯನ್ನಿಡುವುದು ಅವನ ಮನಸ್ಸನ್ನು ಮಾತ್ರ ಒಡೆಯುತ್ತದೆ. ಕಿಟಕಿಗಳು ತೆರೆದಿರಲಿ, ಕೆಮ್ಮುವಾಗ ಬಾಯಿಗೆ ಬಟ್ಟೆಯಿರಲಿ. ಔಷಧವು ಫಲಿಸತೊಡಗಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಸೋಂಕಿನ ಭಯವು ಬಹುವಾಗಿ ತಗ್ಗುತ್ತದೆ. ಸರಕಾರವು ಔಷಧವನ್ನು ಉಚಿತವಾಗಿ ಕೊಡುತ್ತದೆ. ೨೦೧೮ರಿಂದ ಆಹಾರಕ್ಕೆ ತಿಂಗಳಿಗೆ ೫೦೦ ರೂಪಾಯಿ ಕೊಡುತ್ತಿದ್ದುದನ್ನು ೨೦೨೪ರ ನವೆಂಬರಿನಿಂದ ೧೦೦೦ಕ್ಕೆ ಏರಿಸಿದೆ. ೨೦೨೨ರಿಂದ ನಾಗರಿಕರೇ ನಿಕ್ಷಯ ಮಿತ್ರರಾಗಿ ರೋಗಿಗೆ ಆಹಾರವನ್ನೊದಗಿಸುವ ಏರ್ಪಾಡೂ ಇದೆ. ಮನಸ್ಸು ಕುಸಿದಾಗ ೧೪೪೧೬ಕ್ಕೆ ದೂರವಾಣಿ ಮಾಡಿದರೆ ಟೆಲಿ ಮಾನಸ್ ಸಲಹೆಗಾರರು ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗದವರು ನಮ್ಮ ದೇಶದವರು. ಔಷಧವಿದ್ದೂ ಅವರು ಅಂಜಿಕೆಯಿಂದ ಅಡಗಿ ಕುಳಿತರೆ ಆ ಅಪಕೀರ್ತಿಯು ರೋಗದ್ದಲ್ಲ, ನಮ್ಮದು. ರೋಗಿಯು ಮಾತ್ರೆಯನ್ನು ಬಿಡದಿರಲಿ. ನಾವು ರೋಗಿಯನ್ನು ಬಿಡದಿರೋಣ.